ಹುಲಿ ಹೊಡೆದ ಕೋವಿ

ಗೆಣಸಿನ ಹೊಲಕ್ಕೆ ಕಾಡುಹಂದಿ ಬೀಳುತ್ತಿದ್ದವು. ಕೆಂಚಯ್ಯನಿಗೆ ಕೂತಲ್ಲಿ ಕೂರಲಾಗಲಿಲ್ಲ. ಇದ್ದೊಂದು ಟಗರು ಎಳೆದುಕೊಂಡು, ಅದಕ್ಕೆ ಬದಲಾಗಿ ಪಟೇಲರ ಹಳೇ ಕೇಪಿನ ಕೋವಿ ಕೇಳಲು ಓಡಿದ.

"ಟಗರಿಗೆ ಕೋವಿಯೇನೋ? ನಮ್ಮ ತಾತ ಹುಲಿ ಹೊಡೆದ ಕೋವಿ ಕಣೋ ಇದು! ಕರೆಯೋ ಎಮ್ಮೆ ಹೊಡ್ಕೊಂಡು ಬಾ" ಎಂದರು ಪಟೇಲರು, ಮೀಸೆ ತಿರುವುತ್ತ.

ಹೊತ್ತು ಇಳಿಯುತ್ತಿತ್ತು. ಕೆಂಚಯ್ಯ ಕಬ್ಬಿಣದ ನಳಿಗೆಯನ್ನು ಉಗುರಿನಿಂದ ತಟ್ಟಿದ. ಗಂಟೆಯ ಹಾಗೆ ಟಣ್ ಎಂದಿತು; ಎಲ್ಲೂ ಬಿರುಕಿಲ್ಲ. ಮುಖ ಮಾತ್ರ ಸಪ್ಪಗೆ ಮಾಡಿಕೊಂಡ.

"ಆಗಲಿ ಬುದ್ಧಿ, ಎಮ್ಮೇನೇ ಕೊಡ್ತೀನಿ. ಆದರೆ ನಿಮ್ಮ ಕೈಗುಣ ದೊಡ್ಡದು. ಮೊದಲ ಈಡು ನೀವೇ ಹಾರಿಸಿಕೊಡಿ" ಎಂದವನೇ ನಳಿಗೆಗೆ ಮದ್ದು ಸುರಿಯತೊಡಗಿದ.

"ಸಾಕು, ಸಾಕು!"

"ಹುಲಿ ಹೊಡೆದ ಕೋವಿ ಅಲ್ವಾ ಬುದ್ಧಿ" ಎಂದು ಇನ್ನಷ್ಟು ಸುರಿದು, ಗಜದ ಕೋಲು ಹಾಕಿ ಜಡಿದ.

ಮೀಸೆಯ ಮೇಲಿದ್ದ ಕೈ ಕೆಳಗಿಳಿಯಿತು. "ನಂಗೆ ಹೆಗಲು ನೋವು ಕಣೋ."

"ಹಂಗಾದ್ರೆ ಮನೇಲಿರೋ ನಿಮ್ಮ ಅಳಿಯಂದಿರು ಹಾರಿಸಲಿ."

"ಅಳಿಯನ ಕೈಗೆ ಕೊಟ್ಟೀರಾ, ಜೋಕೆ!" ಒಳಗಿನಿಂದ ಪಟೇಲರ ಹೆಂಡತಿ ಕೂಗಿದರು. "ಅದು ಸಿಡಿದರೆ ಮಗಳ ಗತಿಯೇನು? ಟಗರು ಇಸ್ಕೊಂಡು ಕಳಿಸಿ ಅತ್ಲಾಗೆ!"

ಟಗರು ಕೊಟ್ಟಿಗೆ ಸೇರಿತು. ಕೆಂಚಯ್ಯ ಅಂಗಳದಲ್ಲೇ ಕೇಪು ಇಟ್ಟು, ಆಕಾಶಕ್ಕೆ ಗುರಿ ಹಿಡಿದು ಢಂ ಎನಿಸಿದ. ಕೋವಿಗೆ ಏನೂ ಆಗಲಿಲ್ಲ.

ಹುಲ್ಲುಮೆದೆಯ ಹಿಂದಿನಿಂದ ಪಟೇಲರ ತಲೆ ಮೆಲ್ಲಗೆ ಹೊರಬಂತು.

"ಲೋ! ನಾನು ಹೇಳಲಿಲ್ವೇನೋ, ಹುಲಿ ಹೊಡೆದ ಕೋವಿ ಅಂತ?"

"ಹೇಳಿದ್ರಿ ಬುದ್ಧಿ, ನಾನು ನಂಬಿದೆ" ಎಂದ ಕೆಂಚಯ್ಯ, ಆಗಲೇ ಹೊಲದ ದಾರಿ ಹಿಡಿದು. "ನೀವೇ ನಂಬಲಿಲ್ಲ."