ಡ್ರೈವಿನ ಬಾಯಿಗೆ ಕುಂಕುಮ

“ಗುರುಗಳೇ, ನಾನು ಇನ್ನೇನು ಹೆಚ್ಚಿಸಲಿ?” ಎಂದು ಚೆನ್ನವೀರ ಕೇಳಿದ.

ಅವನಿಗೆ ಐವತ್ತೆರಡು ದಾಟಿತ್ತು. ಮಠಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಮನಸ್ಸು ನಿಲ್ಲದಾಗ ಜಪ ಹೆಚ್ಚಿಸಿದ್ದ. ಆಗಲೂ ನಿಲ್ಲದಾಗ ಉಪವಾಸ ಹೆಚ್ಚಿಸಿದ್ದ. ಈಗ ಮನಸ್ಸಿನ ಜೊತೆಗೆ ಹೊಟ್ಟೆಯೂ ಕೆಟ್ಟಿತ್ತು. ತಪ್ಪು ಎಲ್ಲಿದೆಯೆಂದು ಅವನಿಗೆ ನಿಜಕ್ಕೂ ತಿಳಿಯುತ್ತಿರಲಿಲ್ಲ.

ಗುರುಗಳು ಕತೆ ಹೇಳಿದರು.

ಒಬ್ಬ ಟೈಪಿಸ್ಟ್ ಇದ್ದ. ಅವನ ಹೆಂಡತಿ ಊರೂರು ತಿರುಗಿ, ಮುದುಕಿಯರಿಂದ ಬೀಸುವ ಪದಗಳನ್ನು ಕೇಳಿ ಬರೆದುಕೊಂಡು, ಹಳೆಯ ಕಂಪ್ಯೂಟರಿನಲ್ಲಿ ಟೈಪು ಮಾಡಿ, ಎಂಟು ಫ್ಲಾಪಿಗಳಲ್ಲಿ ತುಂಬಿ, ಒಂದು ಡಬ್ಬಿಯಲ್ಲಿಟ್ಟು ತೀರಿಕೊಂಡಳು. ಬೇರೆ ಪ್ರತಿಯಿರಲಿಲ್ಲ. ಹಾಡಿದ ಮುದುಕಿಯರೂ ಉಳಿದಿರಲಿಲ್ಲ.

ಫ್ಲಾಪಿ ಓದುವ ಡ್ರೈವು ಕಂಪ್ಯೂಟರಿನ ಹೊರಗೆ, ತಂತಿಯ ತುದಿಯಲ್ಲಿ ಬೇರೆಯೇ ಕೂತಿತ್ತು. ಹೆಂಡತಿ ಇದ್ದಾಗ ಅವಳಿಗೆ ಒಂದು ಮೊಳ ಹೂವು ತಂದುಕೊಟ್ಟವನಲ್ಲ. ಅವಳು ಹೋದ ಮೇಲೆ ಡ್ರೈವಿಗೆ ದಿನವೂ ಹೂವಿಟ್ಟ. ಆಯುಧಪೂಜೆಯ ದಿನ ಅದರ ಬಾಯಿಗೇ ಕುಂಕುಮ ಹಚ್ಚಿದ.

ಹಬ್ಬ ಕಳೆಯಿತು. ಪದಗಳನ್ನು ಅಚ್ಚು ಹಾಕಿಸೋಣವೆಂದು ಮೊದಲ ಫ್ಲಾಪಿ ಹಾಕಿದ. ಅಲ್ಲಿಯವರೆಗೆ ಚೆನ್ನಾಗಿ ಓದುತ್ತಿದ್ದ ಡ್ರೈವು ಕರಕರ ಎಂದು ಸುಮ್ಮನಾಯಿತು. ತಂತಿ ಬಿಚ್ಚಿ ಸೇರಿಸಿದ. ಬೇರೆ ತಂತಿ ತಂದ. ಡ್ರೈವನ್ನು ಮೊದಲು ಆನ್ ಮಾಡಿ ನೋಡಿದ, ಕಂಪ್ಯೂಟರನ್ನು ಮೊದಲು ಆನ್ ಮಾಡಿ ನೋಡಿದ. ಫ್ಲಾಪಿಯೇ ಕೆಟ್ಟಿರಬೇಕೆಂದು ಎರಡನೆಯದನ್ನು ಹಾಕಿದ. ಅದೂ ಓದಲಿಲ್ಲ. ದಿಕ್ಕು ತೋಚಲಿಲ್ಲ. ಪೂಜೆಯಲ್ಲೇ ಲೋಪವಾಗಿರಬಹುದೆಂದು ಇನ್ನಷ್ಟು ಕುಂಕುಮ ಹಚ್ಚಿ ಮೂರನೆಯದನ್ನು ಹಾಕಿದ. ಆಮೇಲೆ ಶುಕ್ರವಾರಕ್ಕೊಂದು ಪೂಜೆ, ಪೂಜೆಗೊಂದು ಫ್ಲಾಪಿ. ಡಬ್ಬಿಯಲ್ಲಿ ಒಂದೇ ಉಳಿದಾಗ ಅದನ್ನು ಹಾಕದೆ ಪಕ್ಕಕ್ಕಿಟ್ಟ. ರೇಡಿಯೋ ರಿಪೇರಿಯವನನ್ನು ಕರೆಸಿದ.

ರಿಪೇರಿಯವನು ಡ್ರೈವಿನ ಮುಚ್ಚಳ ತೆಗೆದು, ಒಳಗೆ ಫ್ಲಾಪಿಯನ್ನು ಮುಟ್ಟಿ ಓದುವ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದ. ಹತ್ತಿ ಕೆಂಪಾಯಿತು.

“ಯಜಮಾನ್ರೇ, ಇದರ ಬಾಯಿಗೆ ಕುಂಕುಮ ಹಚ್ಚಿದ್ಯಾರು?”

“ನಾನೇ ಕಣಪ್ಪಾ. ಸಾಲದೇ ಹೋಯ್ತಾ?”

“ನೀವು ಹಾಕಿದ ಫ್ಲಾಪಿನೆಲ್ಲ ಈ ಪುಡೀನೇ ಗೀರಿ ಹಾಳು ಮಾಡಿದೆ.”

ಎಂಟನೆಯ ಫ್ಲಾಪಿಯನ್ನು ಡ್ರೈವು ಓದಿತು. ಪರದೆಯ ಮೇಲೆ ಹೆಂಡತಿ ಬರೆದ ಪದಗಳು ಸಾಲುಸಾಲಾಗಿ ಮೂಡಿದವು. ಟೈಪಿಸ್ಟ್ ಅವುಗಳನ್ನು ಓದುತ್ತ ಅತ್ತ. ಉಳಿದ ಏಳು ಮರಳಲಿಲ್ಲ.

ಕತೆ ಅಲ್ಲಿಗೆ ನಿಂತಿತು. ಚೆನ್ನವೀರನಿಗೆ ಮೊದಲಿಗಿಂತ ಹೆಚ್ಚು ಗೊಂದಲವಾಯಿತು. “ಹಾಗಾದರೆ ಪೂಜೆಯೇ ತಪ್ಪೇ, ಗುರುಗಳೇ? ಅಥವಾ ಕುಂಕುಮ ಸ್ವಲ್ಪ ಸಾಕಿತ್ತೇ? ನಾನು ಜಪ ಬಿಟ್ಟು ನೋಡಲೇ? ಇಲ್ಲ, ಉಪವಾಸವನ್ನು ಇನ್ನೊಂದು ವರ್ಷ ಹೆಚ್ಚಿಸಿ ನೋಡಲೇ?”

ಗುರುಗಳು ಅವನ ನರೆತ ತಲೆಯನ್ನು ನೋಡಿ ಕೇಳಿದರು: “ಚೆನ್ನವೀರ, ನಿನ್ನ ಡಬ್ಬಿಯಲ್ಲಿ ಇನ್ನೆಷ್ಟು ವರ್ಷ ಉಳಿದಿವೆ?”