ಎರಡು ಬಾಗಿಲಿನ ಪ್ರಯೋಗಾಲಯ

ನಮ್ಮ ಸೀಮೆಯ ವಿಶ್ವವಿದ್ಯಾಲಯವೂ ಪಕ್ಕದ ನಾರಿನ ಕಾರ್ಖಾನೆಯೂ ಕೂಡಿ, ತೆಂಗಿನ ನಾರಿನ ಸಂಶೋಧನೆಗೆ ಅಂತ ಒಂದು ಕೋಣೆಯ ಪ್ರಯೋಗಾಲಯ ಕಟ್ಟಿದವು. ನಾಳೆ ಉದ್ಘಾಟನೆ. ಹಲಗೆಯ ಮೇಲೆ ಯಾರ ಹೆಸರು ಮೊದಲು ಅಂತ ಜಗಳ ಹತ್ತಿತು.

ಕುಲಪತಿಗಳು ಪ್ರಯೋಗಾಲಯದ ಜವಾನನನ್ನು ಕರೆದರು. "ನಮ್ಮ ಹೆಸರೇ ಮೊದಲಿರಬೇಕು. ಇಲ್ಲದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

"ಆಗಲಿ ಬುದ್ಧಿ."

ಕಾರ್ಖಾನೆಯ ಮಾಲೀಕ ಮುದ್ದವೀರಪ್ಪನವರೂ ಅವನಿಗೆ ಅದನ್ನೇ ಹೇಳಿದರು. ಅವರಿಗೂ "ಆಗಲಿ" ಅಂದ.

ಆ ಕೋಣೆಗೆ ಕಾರ್ಖಾನೆಯ ಕಡೆಗೊಂದು ಹಿಂಬಾಗಿಲಿತ್ತು. ಜವಾನ ಮುಂಬಾಗಿಲಿಗೆ ವಿಶ್ವವಿದ್ಯಾಲಯದ ಹೆಸರು ಮೊದಲಿರುವ ಹಲಗೆ ಹೊಡೆದ. ಹಿಂಬಾಗಿಲಿಗೆ ಕಾರ್ಖಾನೆಯ ಹೆಸರು ಮೊದಲಿರುವ ಹಲಗೆ. ಎರಡಕ್ಕೂ ಟೇಪು ಕಟ್ಟಿದ.

ಮರುದಿನ ಒಂದೇ ಮುಹೂರ್ತಕ್ಕೆ ಇಬ್ಬರೂ ತಮ್ಮ ತಮ್ಮ ಬಾಗಿಲಲ್ಲಿ ಟೇಪು ಕತ್ತರಿಸಿದರು. ಕೊರಳಲ್ಲಿ ಹಾರ ಹಾಕಿಕೊಂಡೇ ಒಳಗೆ ನಡೆದರು. ನಡುವೆ ಎದುರುಬದುರಾದರು. ಕೋಣೆ ಖಾಲಿ.

"ಯಂತ್ರ ಎಲ್ಲಿ ಮುದ್ದವೀರಪ್ಪನವರೇ?"

"ನೀವು ತರಿಸ್ತೀರಿ ಅಂದ್ಕೊಂಡಿದ್ದೆ ಸ್ವಾಮಿ."

ಇಬ್ಬರೂ ಜವಾನನ ಕಡೆ ತಿರುಗಿದರು. "ಯಂತ್ರ ಬಂದಿಲ್ಲ ಅಂತ ಮೊದಲೇ ಹೇಳೋಕೆ ಏನಾಗಿತ್ತೋ ನಿನಗೆ?"

"ನೀವು ಕೇಳಿದ್ದು ಹೆಸರು, ಬುದ್ಧಿ. ನನ್ನವಳು ಇದ್ದಾಗ ನಮ್ಮನೆಗೆ ಹಲಗೆ ಇರಲಿಲ್ಲ. ಒಳಗೆ ಒಲೆ ಉರೀತಿತ್ತು."

ಅವನನ್ನು ಕೆಲಸದಿಂದ ತೆಗೆಯೋಕೆ ಇಬ್ಬರಿಗೂ ಬಾಯಿ ಬರಲಿಲ್ಲ. ಹೇಳಿದ ಹಾಗೆ ಇಬ್ಬರ ಹೆಸರೂ ಹಲಗೆಯಲ್ಲಿ ಮೊದಲೇ ಇತ್ತಲ್ಲ.