ಕೇತಮ್ಮನ ಹೆಬ್ಬೆರಳು

ಹೊಟ್ಟೆಯಲ್ಲಿ ಮೊಟ್ಟೆಯಿರುವ ಓತಿಯನ್ನು ಕೊಲ್ಲಬಾರದು. ಹೆಗ್ಗಲ್ಲು ಬೆಟ್ಟದಲ್ಲಿ ಓತಿ ಹಿಡಿಯುವವರಿಗೆ ಇದ್ದ ಕಟ್ಟಳೆ ಅದು. ಅದನ್ನು ಎಲ್ಲರೂ ಮುರಿದರು.

ಯಾವ ಕಾಲ ಅಂತ ಕೇಳಬೇಡಿ, ನನ್ನ ಅಜ್ಜನಿಗೂ ಗೊತ್ತಿರಲಿಲ್ಲ. ಆ ಬೆಟ್ಟದ ಮೇಲೆ ಕೆಲವೇ ಗುಡಿಸಲುಗಳ ಒಂದು ಹಾಡಿ ಇತ್ತಂತೆ. ಹಾಡಿಗೂ ಮೇಲೆ, ಮಂಜು ಬಿಡದ ಕಾಡು. ಆ ಕಾಡಿನಲ್ಲಿ, ಬೆನ್ನ ಮೇಲೆ ಮುಳ್ಳಿನ ಸಾಲಿರುವ ಹಸಿರು ಓತಿ. ಕೆಳಗಿನ ಊರುಗಳ ಸೆಕೆಯಲ್ಲಿ ಅದು ಬದುಕುತ್ತಿರಲಿಲ್ಲವಂತೆ. ನಾಯಿಕೆಮ್ಮಿಗೆ ಅದರ ಎಣ್ಣೆಯೇ ಮದ್ದು ಅಂತ ಜನರ ನಂಬಿಕೆ. ಮದ್ದು ಕಾಯಿಸುವವಳು ಕೇತಮ್ಮ. ಯಾರೇ ಓತಿ ತರಲಿ, ಅದನ್ನು ಅಂಗೈ ಮೇಲೆ ಮಲಗಿಸಿ ಹೆಬ್ಬೆರಳಿನಿಂದ ಹೊಟ್ಟೆ ಸವರುವಳು. ಮಣಿ ಮಣಿಯಾಗಿ ಸಿಕ್ಕಿದರೆ ಒಳಗೆ ಮೊಟ್ಟೆ. ಹಿಡಿದ ಮರಕ್ಕೇ ಬಿಟ್ಟು ಬನ್ನಿ ಅನ್ನುವಳು.

ಒಂದು ಮಳೆಗಾಲ ನಾಯಿಕೆಮ್ಮು ಹಾಡಿಗೆ ಹೊಕ್ಕಿತು. ಮಕ್ಕಳು ಕೆಮ್ಮಿ ಕೆಮ್ಮಿ ನೀಲಿಗಟ್ಟಿದವಂತೆ. ಅದು ಓತಿ ಮೊಟ್ಟೆಯಿಡುವ ಕಾಲ. ತಂದದ್ದರಲ್ಲಿ ಹೆಚ್ಚಿನವನ್ನು ಕೇತಮ್ಮ ವಾಪಸು ಕಳಿಸಿದಳು. ಆಗ ಜನ ಅವಳ ಬಳಿ ಹೋಗುವುದನ್ನೇ ಬಿಟ್ಟು, ತಮ್ಮ ತಮ್ಮ ಒಲೆಯಲ್ಲೇ ಕಾಯಿಸಿಕೊಂಡರಂತೆ. ಯಾರೂ ಹೊಟ್ಟೆ ಸವರಲಿಲ್ಲ. ಕೇಳಿದರೆ, "ಮುಟ್ಟಿ ನೋಡ್ನಿಲ್ಲ ಕಣವ್ವ, ನಂಗೇನ್ ಗೊತ್ತು" ಅನ್ನುವರಂತೆ. ಕೆಲವು ಮಕ್ಕಳು ಉಳಿದವು, ಕೆಲವು ಮಣ್ಣಿಗೆ ಹೋದವು. ಕಾಡಿನಲ್ಲಿ ಓತಿ ಕಾಣದಾಯಿತು.

ಆಮೇಲೆ ಕೆಮ್ಮು ಕೇತಮ್ಮನ ಮೊಮ್ಮಗಳು ಬೊಮ್ಮಿಯನ್ನು ಹಿಡಿಯಿತು. ಬೊಮ್ಮಿಯ ಅಪ್ಪ, ಕೇತಮ್ಮನ ಮಗ ಜಡೆಯ, ಕಾಡೆಲ್ಲ ಅಲೆದು ಒಂದೇ ಒಂದು ಓತಿ ತಂದನಂತೆ. ಸೊಪ್ಪಿನಲ್ಲಿ ಸುತ್ತಿದ್ದನ್ನು ಒಲೆಯ ಪಕ್ಕ ಇಟ್ಟ.

"ಅವ್ವಾ, ಬೆರಳಾಡಿಸ್ಬ್ಯಾಡ. ಹಂಗೇ ಹಾಕ್ಬುಡು."

"ಊರೋರ್ಗೊಂದು, ನಂಗೊಂದಾ?"

"ಊರೋರ್ ಮಕ್ಳು ಎದ್ದು ಓಡಾಡ್ತಾವೆ. ನಿನ್ ಮೊಮ್ಮಗಳು ಸಾಯ್ತಾವ್ಳೆ."



ಇಂದಿಗೂ ಆ ಬೆಟ್ಟದವರು ಮೀನು ಹಿಡಿಯಲಿ, ಏಡಿ ಹಿಡಿಯಲಿ, ಮೊದಲು ಹೆಬ್ಬೆರಳಿನಿಂದ ಹೊಟ್ಟೆ ಸವರುತ್ತಾರೆ. ಯಾಕೆ ಅಂದರೆ ಕೇತಮ್ಮನ ಹೆಸರು ಹೇಳುತ್ತಾರೆ. ಬೊಮ್ಮಿ ಉಳಿದಳು ಅಂತಲೂ ಕೆಲವರು ಹೇಳುವುದುಂಟು. ನನ್ನ ಅಜ್ಜ ಹಾಗೆ ಹೇಳಲಿಲ್ಲ.

ಅಜ್ಜ ಹೇಳಿದ್ದು ಇಷ್ಟು. ಕೇತಮ್ಮ ಸೊಪ್ಪು ಬಿಡಿಸಿ, ಓತಿಯ ಹೊಟ್ಟೆಯ ಮೇಲೆ ಹೆಬ್ಬೆರಳು ಆಡಿಸಿದಳಂತೆ. ಮಣಿ ಮಣಿಯಾಗಿ ಸಿಕ್ಕಿತಂತೆ. ಒಳಗೆ ಹುಡುಗಿ ಕೆಮ್ಮುತ್ತಲೇ ಇದ್ದಳು. ಕೇತಮ್ಮ ಒಲೆಗೆ ನೀರು ಸುರಿದಳು. "ಯಾವ್ ಮರದಲ್ಲಿ ಹಿಡ್ದೆ" ಅಂತ ಮಗನನ್ನು ಕೇಳಿದಳು. ಜಡೆಯ ಮರ ಯಾವುದೆಂದು ಹೇಳದೆ ಎದ್ದು ಮಗಳ ಬಳಿ ಹೋದ. ಓತಿಯನ್ನು ಸೆರಗಿನಲ್ಲಿ ಹಿಡಿದು ಅವಳೊಬ್ಬಳೇ ಮಳೆಯಲ್ಲಿ ಬೆಟ್ಟ ಹತ್ತಿದಳು. ಪಾಚಿಗಟ್ಟಿದ ಮರವೊಂದಕ್ಕೆ ಅದನ್ನು ಒತ್ತಿ ಹಿಡಿದು, ಅದರ ಉಗುರು ತೊಗಟೆ ಕಚ್ಚುವವರೆಗೂ ನಿಂತಿದ್ದು, ಆಮೇಲೆ ಕೈ ತೆಗೆದಳಂತೆ.